ಅಗಲಿಕೆಯ ದುಃಖ ಮತ್ತು ಆಪ್ತ ಸಮಾಲೋಚನೆ



ಕಳೆದ ವರ್ಷ ದ್ವಿತೀಯ ಪಿಯುಸಿ ಕಲಾ ವಿಭಾಗಕ್ಕೆ ಮನಃಶಾಸ್ತ್ರದ ಪಾಠ ಮಾಡುತ್ತಿದ್ದೆ. ವಿಷಯ ಒತ್ತಡ. ಆಪ್ತರ ಸಾವು ಮನುಷ್ಯನಿಗೆ ಎದುರಾಗುವ ಬಹುದೊಡ್ಡ ಒತ್ತಡಗಳಲ್ಲಿ ಒಂದು ಎಂದು ಹೇಳಿ, ದುಃಖದ ಐದು ಹಂತಗಳನ್ನು ಬೋರ್ಡಿನ ಮೇಲೆ ಬರೆದೆ: ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಸ್ವೀಕಾರ. ಎಲ್ಲರೂ ಬರೆದುಕೊಂಡರು. ಬೆಲ್ ಆದ ಮೇಲೆ ಒಬ್ಬ ವಿದ್ಯಾರ್ಥಿನಿ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಅವಳ ತಂದೆ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು.

"ಮೇಡಂ, ನನಗೆ ಬೆಳಿಗ್ಗೆ ಎಲ್ಲರ ಮೇಲೂ ಸಿಟ್ಟು ಬರುತ್ತದೆ. ಮಧ್ಯಾಹ್ನ ಸರಿ ಇರುತ್ತೇನೆ. ರಾತ್ರಿ, ಉಪ್ಪ ಗಲ್ಫ್‌ನಿಂದ ಫೋನ್ ಮಾಡಬಹುದು ಅನ್ನಿಸುತ್ತದೆ. ನಾನು ಈಗ ಎಷ್ಟನೇ ಹಂತದಲ್ಲಿದ್ದೇನೆ?"

ನನ್ನಲ್ಲಿ ಉತ್ತರ ಇರಲಿಲ್ಲ. "ನಾಳೆ ಮಾತಾಡೋಣ" ಎಂದು ಕಳಿಸಿಬಿಟ್ಟೆ. ನಿಜ ಹೇಳಬೇಕೆಂದರೆ, ನನ್ನ ಉಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಅದುವರೆಗೆ ನಾನು ಯಾರ ಜೊತೆಯೂ ಆ ಬಗ್ಗೆ ಮಾತಾಡಿರಲಿಲ್ಲ. ಆ ಹುಡುಗಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಐದು ಹಂತಗಳ ಬಗ್ಗೆ ನಾನು ಹೇಳದೆ ಬಿಟ್ಟದ್ದು

ಆ ಐದು ಹಂತಗಳನ್ನು ಹೇಳಿದವರು ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್. 1969ರಲ್ಲಿ ಬಂದ ಅವರ ಪುಸ್ತಕ ಅಮೆರಿಕದ ಆಸ್ಪತ್ರೆಯಲ್ಲಿ ಸಾವಿಗೆ ಹತ್ತಿರವಾಗಿದ್ದ ರೋಗಿಗಳ ಜೊತೆ ನಡೆಸಿದ ಮಾತುಕತೆಗಳಿಂದ ಹುಟ್ಟಿದ್ದು. ಅಂದರೆ ಅದು ಮೊದಲು ಸಾಯುತ್ತಿರುವವರ ಮನಸ್ಸಿನ ಕುರಿತಾದ ವಿಷಯ. ಉಳಿದವರ ದುಃಖಕ್ಕೆ ಅದನ್ನು ಅನ್ವಯಿಸಿದ್ದು ಆಮೇಲೆ. ಒಂದಾದ ಮೇಲೊಂದರಂತೆ ದಾಟಲು ಅವು ಪ್ರಥಮ ಪಿಯುಸಿ, ದ್ವಿತೀಯ ಪಿಯುಸಿಗಳಲ್ಲ. ಒಂದೇ ದಿನದಲ್ಲಿ ಮೂರೂ ಬರಬಹುದು, ಕೆಲವು ಬಾರದೆಯೂ ಇರಬಹುದು.

1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಖುಟ್ ಎಂಬ ಸಂಶೋಧಕರು ಮುಂದಿಟ್ಟ ವಿವರಣೆ ನಮ್ಮ ಅನುಭವಕ್ಕೆ ಹೆಚ್ಚು ಹತ್ತಿರ. ಅಗಲಿಕೆಯಲ್ಲಿರುವ ವ್ಯಕ್ತಿ ಎರಡು ಕಡೆ ಹೋಗಿ ಬರುತ್ತಿರುತ್ತಾನೆ. ಒಮ್ಮೆ ಕಳೆದುಕೊಂಡವರ ನೆನಪಿನ ಕಡೆ, ಇನ್ನೊಮ್ಮೆ ಫೀಸು, ಪರೀಕ್ಷೆ, ಅಡುಗೆ, ತಮ್ಮನ ಶಾಲೆ ಮುಂತಾದ ಬದುಕಿನ ಕೆಲಸಗಳ ಕಡೆ. ಈ ಹೋಗಿಬರುವಿಕೆ ರೋಗವಲ್ಲ. ಮನಸ್ಸು ಹೀಗೆಯೇ ನೋವನ್ನು ಸ್ವಲ್ಪ ಸ್ವಲ್ಪವಾಗಿ ಹೊರುತ್ತದೆ. ಆದ್ದರಿಂದ ತಂದೆ ತೀರಿಕೊಂಡ ತಿಂಗಳಲ್ಲೇ ಕ್ಯಾಂಟೀನಿನಲ್ಲಿ ನಕ್ಕುಬಿಟ್ಟೆ ಎಂದು ಯಾರೂ ತಮ್ಮನ್ನು ತಾವು ಬೈದುಕೊಳ್ಳಬೇಕಾಗಿಲ್ಲ.

ನಾನು ಹೋದದ್ದು

ಉಮ್ಮ ತೀರಿಕೊಂಡಾಗ ಮೂರು ದಿನ ಮನೆ ತುಂಬ ಜನ. ಅಕ್ಕಪಕ್ಕದವರೇ ಊಟ ತಂದರು. "ಸಬ್ರ್ ಮಾಡಿ" ಎಂದು ಎಲ್ಲರೂ ಹೇಳಿದರು, ನಾನೂ ತಲೆಯಾಡಿಸಿದೆ. ಐದನೆಯ ದಿನ ಕಾಲೇಜಿಗೆ ಬಂದೆ. ಪ್ರತಿದಿನ ಸಂಜೆ ನಾಲ್ಕೂವರೆಗೆ ಬಸ್ ಸ್ಟ್ಯಾಂಡಿನಿಂದ ಉಮ್ಮನಿಗೆ ಫೋನ್ ಮಾಡುವುದು ನನ್ನ ರೂಢಿ. ಆ ಹೊತ್ತಿಗೆ ಕೈ ತಾನಾಗಿಯೇ ಫೋನಿಗೆ ಹೋಗುತ್ತಿತ್ತು. ಇದಕ್ಕಿಂತ ದೊಡ್ಡದೊಂದು ಮಾತು ಒಳಗಿತ್ತು. ಉಮ್ಮನಿಗೆ ಎದೆನೋವು ಬಂದ ದಿನ ನಾನು ಪರೀಕ್ಷಾ ಕೋಣೆಯಲ್ಲಿ ಮೇಲ್ವಿಚಾರಕಿಯಾಗಿದ್ದೆ. ಫೋನ್ ಸ್ಟಾಫ್ ರೂಮಿನ ಡ್ರಾಯರಿನಲ್ಲಿತ್ತು. ಹೊರಗೆ ಬಂದು ನೋಡಿದರೆ ಉಮ್ಮನ ಒಂದು ಮಿಸ್ಡ್ ಕಾಲ್. ತಿರುಗಿ ಫೋನ್ ಮಾಡಿದಾಗ ಎತ್ತಿದ್ದು ಅಣ್ಣ.

ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಕೊಡಲಾಗದ ಆ ವಾರವೇ ನಾನು ಒಬ್ಬ ಆಪ್ತ ಸಮಾಲೋಚಕಿಯ ಬಳಿ ಹೋದೆ. ಮನಃಶಾಸ್ತ್ರ ಕಲಿಸುವವಳಾಗಿದ್ದರೂ ಒಳಗೆ ಹೋಗುವಾಗ ಪರಿಚಯದವರು ಯಾರಾದರೂ ನೋಡಿಯಾರೋ ಎಂದು ಎರಡು ಸಲ ಹಿಂದೆ ತಿರುಗಿ ನೋಡಿದ್ದೆ.

ಅವರು ಮೊದಲು ಒಂದು ವಿಷಯ ಸ್ಪಷ್ಟಪಡಿಸಿದರು: ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತದೆ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದೆ ಎಂದು ಕಂಡರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ. ಆಮೇಲೆ "ನಿಮ್ಮ ತಾಯಿಯ ಬಗ್ಗೆ ಹೇಳಿ" ಎಂದರು. ಸಾವಿನ ಬಗ್ಗೆ ಅಲ್ಲ, ತಾಯಿಯ ಬಗ್ಗೆ. ಎಂಟು ತಿಂಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಆ ದಿನ ನಾನು ಹೇಳಿದ್ದಕ್ಕಿಂತ ಅತ್ತದ್ದೇ ಹೆಚ್ಚು.

ಎರಡನೆಯ ಸಲ ಮಿಸ್ಡ್ ಕಾಲಿನ ವಿಷಯ ಹೇಳಿದೆ. ಅವರು ತಕ್ಷಣ "ನಿಮ್ಮ ತಪ್ಪಿಲ್ಲ" ಎನ್ನಲಿಲ್ಲ. ಅಣ್ಣ ಅದನ್ನು ಎಷ್ಟೋ ಸಲ ಹೇಳಿದ್ದ, ನನಗೆ ನಾಟಿರಲಿಲ್ಲ. ಆ ದಿನ ಏನೇನು ನಡೆಯಿತು ಎಂದು ಗಂಟೆ ಗಂಟೆಯಾಗಿ ನನ್ನಿಂದಲೇ ಹೇಳಿಸಿದರು. ಆಗ ನನಗೇ ಗೊತ್ತಾಯಿತು: ನಾನು ಫೋನ್ ಎತ್ತಿದ್ದರೂ ಅಷ್ಟು ದೂರದಿಂದ ಅಣ್ಣನಿಗಿಂತ ಮೊದಲು ತಲುಪುತ್ತಿರಲಿಲ್ಲ. "ಮಾತಾಡಲು ಸಿಗಲಿಲ್ಲ ಎಂಬ ನೋವು ಬೇರೆ, ಕೊಂದೆ ಎಂಬ ಅಪರಾಧಭಾವ ಬೇರೆ. ನೀವು ಎರಡನ್ನೂ ಒಂದೇ ಮಾಡಿಕೊಂಡಿದ್ದೀರಿ" ಎಂದರು. ನೋವು ಉಳಿಯಿತು, ಈಗಲೂ ಇದೆ. ಅಪರಾಧಭಾವ ಮಾತ್ರ ನಿಧಾನಕ್ಕೆ ಸಡಿಲವಾಯಿತು. ಒಟ್ಟು ಆರು ಸಲ ಹೋದೆ.

ಸಮಾಲೋಚನೆ ಏನು ಮಾಡುತ್ತದೆ?

ಸಮಾಲೋಚಕರು ಔಷಧ ಕೊಡುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಈ ಕ್ಷೇತ್ರದಲ್ಲಿ ವಿಲಿಯಂ ವರ್ಡನ್ ಅವರ 1982ರ ಪುಸ್ತಕ ಪ್ರಸಿದ್ಧ. ದುಃಖದಲ್ಲಿರುವವರ ಮುಂದೆ ನಾಲ್ಕು ಕೆಲಸಗಳಿವೆ ಎನ್ನುತ್ತಾರೆ ಅವರು: ಸಾವು ನಿಜ ಎಂದು ಒಪ್ಪುವುದು, ನೋವನ್ನು ಅನುಭವಿಸುವುದು, ಅವರಿಲ್ಲದ ಬದುಕಿಗೆ ಹೊಂದಿಕೊಳ್ಳುವುದು, ಅವರೊಂದಿಗಿನ ನಂಟನ್ನು ಉಳಿಸಿಕೊಂಡೇ ಮುಂದೆ ಸಾಗುವುದು. ವಿಶೇಷವೆಂದರೆ, ನಾಲ್ಕನೆಯದನ್ನು ಅವರು ಮೊದಲು ಬೇರೆ ರೀತಿ ಬರೆದಿದ್ದರು. ತೀರಿಕೊಂಡವರಿಂದ ಮನಸ್ಸನ್ನು ಹಿಂತೆಗೆಯಬೇಕು ಎಂದಿತ್ತು. ಮುಂದಿನ ಆವೃತ್ತಿಗಳಲ್ಲಿ ಅದನ್ನು ತಿದ್ದಿದರು. ಮರೆಯುವುದು ಗುರಿಯಲ್ಲ. ಈಗ ನಾಲ್ಕೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ನಾನು ಉಮ್ಮನಿಗಾಗಿ ದುಆ ಮಾಡುತ್ತೇನೆ. ಆ ಹೊತ್ತು ಮತ್ತೆ ಉಮ್ಮನದೇ ಆಯಿತು.

ಅತ್ತರೆ ಸಬ್ರ್ ಕಡಿಮೆಯೇ?

ಇದನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಪ್ರವಾದಿ ಮುಹಮ್ಮದ್(ಸ) ತಮ್ಮ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಕಣ್ಣೀರು ಹಾಕಿದರು. ಪತ್ನಿ ಖದೀಜಾ(ರ) ಮತ್ತು ದೊಡ್ಡಪ್ಪ ಅಬೂತಾಲಿಬ್ ತೀರಿಕೊಂಡ ವರ್ಷವನ್ನು ಇತಿಹಾಸದಲ್ಲಿ 'ದುಃಖದ ವರ್ಷ' ಎಂದೇ ಕರೆಯುತ್ತಾರೆ. ಸಹನೆ ಎಂದರೆ ಕಣ್ಣೀರು ಇಲ್ಲದಿರುವುದಲ್ಲ. ಗಂಡುಮಕ್ಕಳಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ.

ಯಾವಾಗ, ಎಲ್ಲಿಗೆ?

ದುಃಖವಿರುವ ಎಲ್ಲರಿಗೂ ಸಮಾಲೋಚನೆ ಬೇಕಾಗುವುದಿಲ್ಲ. ಮನೆಯವರು, ಗೆಳೆಯರು ಇದ್ದರೆ ಹೆಚ್ಚಿನವರಿಗೆ ಅದೇ ಸಾಕು. ಆದರೆ ತಿಂಗಳುಗಳು ಕಳೆದರೂ ನಿದ್ದೆ, ಊಟ, ಓದು ದಾರಿಗೆ ಬರದಿದ್ದರೆ, ಎಲ್ಲದಕ್ಕೂ ತಾನೇ ಕಾರಣ ಎಂಬ ಯೋಚನೆ ಬಿಡದಿದ್ದರೆ ಹೋಗಿ. ಬದುಕುವುದೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಕೂಡಲೇ ಹತ್ತಿರದ ದೊಡ್ಡವರಿಗೆ ಹೇಳಿ.

14416 ಎಂಬುದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ವಿಶ್ವ ಮಾನಸಿಕ ಆರೋಗ್ಯ ದಿನವಾದ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೂ ಹೋಗಬಹುದು. ಸಂಕಷ್ಟದಲ್ಲಿರುವ 18 ವರ್ಷದೊಳಗಿನವರಿಗೆ 1098 ಮಕ್ಕಳ ಸಹಾಯವಾಣಿಯೂ ಇದೆ.

ಗೆಳೆಯರಿಗೆ, ಸಹೋದ್ಯೋಗಿಗಳಿಗೆ

ದುಃಖದಲ್ಲಿರುವವರಿಗೆ "ಧೈರ್ಯವಾಗಿರು" ಎಂದು ಹೇಳಿ ಹೊರಟುಬಿಡಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ, ತಪ್ಪಿಹೋದ ನೋಟ್ಸ್ ಬರೆದುಕೊಡಿ, ತೀರಿಕೊಂಡವರ ಬಗ್ಗೆ ಅವರು ಮಾತಾಡಿದರೆ ವಿಷಯ ಬದಲಿಸಬೇಡಿ. ಉಪನ್ಯಾಸಕ ಮಿತ್ರರಲ್ಲಿ ಒಂದು ವಿನಂತಿ: ಹಾಜರಾತಿ ಕಡಿಮೆಯಾದ ವಿದ್ಯಾರ್ಥಿಯನ್ನು ತರಗತಿಯ ಮುಂದೆ ಪ್ರಶ್ನಿಸುವ ಮೊದಲು ಒಮ್ಮೆ ಪಕ್ಕಕ್ಕೆ ಕರೆದು ಮನೆಯ ವಿಷಯ ಕೇಳಿ.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ನಾನು ಉತ್ತರ ಕೊಟ್ಟದ್ದು ಮೂರು ವಾರಗಳ ನಂತರ. "ನೀನು ಯಾವ ಹಂತದಲ್ಲೂ ಇಲ್ಲ, ನಿನ್ನ ಉಪ್ಪನನ್ನು ನೆನೆಯುತ್ತಿದ್ದೀ ಅಷ್ಟೇ. ಅವರ ಬಗ್ಗೆ ಹೇಳು" ಎಂದೆ. ಅವಳು ಮಧ್ಯಾಹ್ನದ ಬಿಡುವು ಮುಗಿಯುವವರೆಗೂ ಹೇಳಿದಳು. ಆಮೇಲೆ ಮನೆಯವರ ಜೊತೆ ಸಮಾಲೋಚನೆಗೂ ಹೋಗಿಬಂದಳು.

ನಿಮಗೂ ಹೇಳುವುದಿದ್ದರೆ ಬನ್ನಿ. ಮಧ್ಯಾಹ್ನದ ಬಿಡುವಿನಲ್ಲಿ ನಾನು ಸ್ಟಾಫ್ ರೂಮಿನಲ್ಲಿಯೇ ಇರುತ್ತೇನೆ.