ತೆರೆಯದ ಆ್ಯಪ್‌ಗೂ ತಿಂಗಳ ಹಣವೇ?

ಪ್ರಶ್ನೆ: ಮಗಳಿಗೆಂದು ಕಲಿಕಾ ಆ್ಯಪ್ ಒಂದಕ್ಕೆ ಚಂದಾ ಕಟ್ಟಿದ್ದೆ. ವರ್ಷದಿಂದ ಅವಳು ಅದನ್ನು ತೆರೆದೇ ಇಲ್ಲ. ಆದರೂ ತಿಂಗಳಿಗೆ ₹399 ಕಟ್ ಆಗುತ್ತಿದೆ. ಇದು ನ್ಯಾಯವೇ? ಹಣ ವಾಪಸ್ ಕೇಳಬಹುದೇ?

ಉತ್ತರ: ಕಾನೂನಿನ ಲೆಕ್ಕದಲ್ಲಿ ನಿಮ್ಮ ಕೈ ಅಷ್ಟು ಬಲವಾಗಿಲ್ಲ. ಆಟೋಪೇಗೆ ಒಪ್ಪಿಗೆ ಕೊಟ್ಟವರು ನೀವೇ. ರಿಸರ್ವ್ ಬ್ಯಾಂಕ್ ನಿಯಮದಂತೆ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಹಳೆಯ ಎಸ್‌ಎಂಎಸ್‌ಗಳನ್ನು ಒಮ್ಮೆ ನೋಡಿ.

ನೀತಿಯ ಮಾತು ಬೇರೆ. ಮಗಳು ಲಾಗಿನ್ ಆಗಿಲ್ಲವೆಂಬುದು ನಿಮಗಿಂತ ಮೊದಲು ಕಂಪನಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದು, ಗ್ರಾಹಕರ ಮರೆವಿನಿಂದ ದುಡಿಯುವುದು ಮರ್ಯಾದಸ್ಥ ವ್ಯಾಪಾರವಲ್ಲ. ಬೇರೆ ದಾರಿಯೂ ಇದೆ: ದೀರ್ಘಕಾಲ ಏನನ್ನೂ ನೋಡದ ಚಂದಾದಾರರನ್ನು ‘ಮುಂದುವರಿಸಬೇಕೇ?’ ಎಂದು ಕೇಳಿ, ಉತ್ತರ ಬಾರದಿದ್ದರೆ ತಾನೇ ಚಂದಾ ರದ್ದುಮಾಡುವುದಾಗಿ ನೆಟ್‌ಫ್ಲಿಕ್ಸ್ 2020ರ ಮೇನಲ್ಲಿ ಪ್ರಕಟಿಸಿತ್ತು.

ಈಗ ಮಾಡಬೇಕಾದದ್ದು: ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಆ್ಯಪ್‌ನ ಖಾತೆಯಲ್ಲಿ ಚಂದಾ ರದ್ದುಮಾಡಿ. ಯುಪಿಐ ಮೂಲಕ ಕಟ್ಟುತ್ತಿದ್ದರೆ ಅಲ್ಲಿನ ಆಟೋಪೇ ವಿಭಾಗದಲ್ಲೂ ಅನುಮತಿ ಹಿಂಪಡೆಯಿರಿ. ಬಳಸದ ತಿಂಗಳುಗಳ ವಿವರ ಕೊಟ್ಟು ಕಂಪನಿಗೆ ಇಮೇಲ್ ಬರೆಯಿರಿ. ಹಣ ಬಂದೇ ಬರುತ್ತದೆಂದು ಹೇಳಲಾರೆ, ಆದರೆ ಕೇಳುವುದಕ್ಕೆ ಸಂಕೋಚ ಬೇಡ.

ರದ್ದುಮಾಡುವ ಬಟನ್ ಅನ್ನೇ ಬಚ್ಚಿಟ್ಟಿದ್ದರೆ ವಿಷಯ ಬದಲಾಗುತ್ತದೆ. ಇಂಥ ‘ಚಂದಾ ಬಲೆ’ಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.