ಸರ್ವರಿನ ಜೀರ್ಣೋದ್ಧಾರ: ಒಂದು ವಿಚಾರ

ಕನ್ನಡ ಪಂಡಿತನೊಬ್ಬನು ಗಣಕಯಂತ್ರವನ್ನು ಕುರಿತು ಲೇಖನಿ ಹಿಡಿಯುವುದು ವಾಚಕರಿಗೆ ಸೋಜಿಗವೆನಿಸಬಹುದು. ಆದರೆ ಇಂದಿನ ಶಾಲಾ ಕಚೇರಿಯಲ್ಲಿ ದಾಖಲಾತಿ ಪುಸ್ತಕ, ವರ್ಗಾವಣೆ ಪತ್ರ, ಅಂಕಪಟ್ಟಿ, ದಾನಿಗಳ ರಸೀತಿ ಎಲ್ಲವೂ ಅಕ್ಷರರೂಪದಲ್ಲಿ ಒಂದು ಪೆಟ್ಟಿಗೆಯೊಳಗೆ ಅಡಗಿರುವುದರಿಂದ, ಅಕ್ಷರದ ಕ್ಷೇಮವನ್ನು ಬಯಸುವವನಿಗೆ ಆ ಪೆಟ್ಟಿಗೆಯ ವಿಚಾರವೂ ಪ್ರಕೃತವೇ ಆಗಿದೆ. ಶಿಕಾರಿಪುರ, ಸೊರಬಗಳಂತಹ ಊರುಗಳ ಸಣ್ಣ ಕಚೇರಿಗಳಲ್ಲಿ ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ ಸರ್ವರು ಇಂದಿಗೂ ದುಡಿಯುತ್ತಿರುವುದುಂಟು. ಅದರ ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವನ್ನು, ಬದಲಿಸಬೇಕೆ ಬೇಡವೆ ಎಂಬುದೇ ಇಲ್ಲಿಯ ಜಿಜ್ಞಾಸೆ.

"ನಡೆಯುತ್ತಿದೆಯಲ್ಲ, ಮುಟ್ಟುವುದೇಕೆ?" ಎಂಬುದು ಪೂರ್ವಪಕ್ಷ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಹೊಸದೆಂಬ ಒಂದೇ ಕಾರಣಕ್ಕೆ ದಾನಿಗಳ ಹಣವನ್ನು ವ್ಯಯಿಸುವುದು ವಿವೇಕವಲ್ಲ. ಆದರೆ ವಿಂಡೋಸ್ ಸರ್ವರ್ 2012 ಮತ್ತು ಅದರ ಆರ್2 ಆವೃತ್ತಿಗಳಿಗೆ ತಯಾರಕರ ಸಾಮಾನ್ಯ ರಕ್ಷಣೆ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. ಪ್ರತ್ಯೇಕ ಹಣ ತೆತ್ತವರಿಗೂ ಅದರ ಗಡುವು 2026ರ ಅಕ್ಟೋಬರ್ 13. 2016ರ ಆವೃತ್ತಿಗೆ 2027ರ ಜನವರಿ 12 ಕಡೆಯ ದಿನ. ಗಡುವು ಕಳೆದೊಡನೆ ಯಂತ್ರ ನಿಲ್ಲುವುದಿಲ್ಲ; ಮೋಸವಿರುವುದು ಅಲ್ಲಿಯೇ. ಅನಂತರ ಕಂಡುಬರುವ ಬಿರುಕುಗಳನ್ನು ಮುಚ್ಚುವವರಿರುವುದಿಲ್ಲ. 2017ರ ಮೇ 12ರಂದು ಹಬ್ಬಿದ ವಾನ್ನಾಕ್ರೈ ಎಂಬ ಉಪದ್ರವವು ಕಡತ ಹಂಚಿಕೆಯ ಮಾರ್ಗವೊಂದರ ಬಿರುಕಿನಿಂದ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ಆ ಬಿರುಕಿಗೆ ತೇಪೆ ಮಾರ್ಚ್ ತಿಂಗಳಲ್ಲೇ ಬಂದಿತ್ತು, ಹಾಕಿಕೊಂಡವರು ಉಳಿದರು. "ನಮ್ಮ ಸರ್ವರಿಗೆ ಅಂತರ್ಜಾಲವೇ ಇಲ್ಲ" ಎಂಬ ಸಮಾಧಾನವೂ ನಿಲ್ಲದು. ವಿದ್ಯಾರ್ಥಿಗಳ ವಿವರವನ್ನು ಇಲಾಖೆಯ ಜಾಲತಾಣಕ್ಕೆ ಏರಿಸುವ ಗಣಕಗಳು ಅದೇ ತಂತಿಗೆ ಸೇರಿರುತ್ತವೆಯಷ್ಟೆ.

ಆದುದರಿಂದ ಬದಲಿಸಬೇಕೆಂಬುದೇ ನನ್ನ ಪಕ್ಷ. ಆದರೆ ಬದಲಿಸುವ ಮೊದಲು ಅಕ್ಷರಪರೀಕ್ಷೆ ಆಗಬೇಕು. ಇದನ್ನು ಯಂತ್ರಜ್ಞರು ಮರೆಯುವುದುಂಟು, ಪಂಡಿತರು ಮರೆಯಬಾರದು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಹಳೆಯ ಅಕ್ಷರರೂಪಗಳಲ್ಲಿ ಬರೆದ ಕಡತಗಳೊಳಗೆ ವಾಸ್ತವವಾಗಿ ಇರುವುದು ರೋಮನ್ ಲಿಪಿಗೆ ಮೀಸಲಾದ ಸಂಕೇತಗಳು. ಅವಕ್ಕೆ ಕನ್ನಡದ ವೇಷ ತೊಡಿಸುವುದು ಅಕ್ಷರರೂಪ ಮಾತ್ರ. ಹೊಸ ಯಂತ್ರದಲ್ಲಿ ಆ ಅಕ್ಷರರೂಪವಿಲ್ಲದಿದ್ದರೆ ಮೂವತ್ತು ವರ್ಷದ ವಿದ್ಯಾರ್ಥಿಗಳ ಹೆಸರು ಅರ್ಥಹೀನ ಚಿಹ್ನೆಗಳಾಗಿ ತೋರುತ್ತವೆ. ಯುನಿಕೋಡ್ ಪದ್ಧತಿಯಲ್ಲಾದರೋ ಕನ್ನಡಕ್ಕೆ 1991ರಿಂದಲೇ ಸ್ವಂತ ಸ್ಥಾನವಿದೆ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ, ನಮ್ಮ ಜಿಲ್ಲೆಯ ನದಿಯ ಹೆಸರನ್ನೇ ಹೊತ್ತ 'ತುಂಗಾ' ಎಂಬ ಯುನಿಕೋಡ್ ಅಕ್ಷರರೂಪವೂ ಬಂದಿತು.

ಹಳೆಯದನ್ನು ಯುನಿಕೋಡಿಗೆ ಮಾರ್ಪಡಿಸುವ ಸಲಕರಣೆಗಳಿವೆ. ಆದರೆ ಅರ್ಕಾವತ್ತಿನಲ್ಲಿ ಎಚ್ಚರ ಬೇಕು. ಉಚ್ಚಾರದಲ್ಲಿ ರೇಫವು ಮೊದಲು, ಬರಹದಲ್ಲಿ ಅದರ ಚಿಹ್ನೆ ವ್ಯಂಜನದ ಅನಂತರ. ಹಳೆಯ ಪದ್ಧತಿ ಬರಹದ ಕ್ರಮವನ್ನು ಹಿಡಿದರೆ, ಯುನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿಯುತ್ತದೆ. (ಇದು ನಮ್ಮ ವೈಯಾಕರಣರಿಗೆ ಮೆಚ್ಚಾಗುವ ಮಾತು.) ಮಾರ್ಪಾಡು ತಪ್ಪಿದರೆ ಪಾರ್ವತಿಯು 'ಪಾವರ್ತಿ'ಯಾಗುತ್ತಾಳೆ, ಧರ್ಮಪ್ಪನು 'ಧಮರ್ಪ್ಪ'ನಾಗುತ್ತಾನೆ; 'ಕನಾರ್ಟಕ'ವನ್ನಂತೂ ನಾವೆಲ್ಲ ಕಂಡಿದ್ದೇವೆ. ಲೇಖನದಲ್ಲಾದರೆ ಇದು ನಗೆಪಾಟಲು. ವರ್ಗಾವಣೆ ಪತ್ರದಲ್ಲಾದರೆ ಆ ಮಗು ಮುಂದೆ ಪ್ರತಿಯೊಂದು ಕಚೇರಿಯಲ್ಲಿಯೂ ತನ್ನ ಹೆಸರಿಗಾಗಿ ಪ್ರಮಾಣಪತ್ರ ಬರೆಸಬೇಕಾಗುತ್ತದೆ. ಮೂಲದ ಕೈಬರಹದ ದಾಖಲಾತಿ ಪುಸ್ತಕವನ್ನು ಮುಂದಿಟ್ಟುಕೊಂಡು ಇಬ್ಬರು ಅಧ್ಯಾಪಕರು, ಒಬ್ಬರು ಓದಿ ಮತ್ತೊಬ್ಬರು ನೋಡಿ, ಹೆಸರು ಹೆಸರನ್ನೂ ತಾಳೆ ಹಾಕದೆ ಗತ್ಯಂತರವಿಲ್ಲ.

ಎರಡನೆಯ ಮಾತು ವಿಧಾನದ್ದು. ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರ ಏಳನೆಯ ಸಂಪುಟದಲ್ಲಿಯೂ ಸೊರಬದವನ್ನು 1904ರ ಎಂಟನೆಯ ಸಂಪುಟದಲ್ಲಿಯೂ ಅಚ್ಚು ಹಾಕಿಸಿದರು. ಪಾಠದಲ್ಲಿ ಸಂದೇಹ ಬಂದವರು ಬಳ್ಳಿಗಾವಿಗೋ ಉದ್ರಿಗೋ ಹೋಗಿ ಕಲ್ಲನ್ನೇ ನೋಡಬಹುದು. ಸರ್ವರಿನಲ್ಲಿಯೂ ಹಾಗೆಯೇ: ಹಳೆಯ ವ್ಯವಸ್ಥೆಯ ಮೇಲೆಯೇ ಹೊಸದನ್ನು ಹೇರದೆ, ಬೇರೊಂದು ಯಂತ್ರದಲ್ಲಿ ಹೊಸದನ್ನು ನೆಲೆಗೊಳಿಸಿ, ಕಡತಗಳ ಪ್ರತಿಯನ್ನು ಅಲ್ಲಿಗೆ ಒಯ್ಯಬೇಕು. ಪ್ರತಿ ಇದೆಯೆಂಬ ನಂಬಿಕೆ ಸಾಲದು. ಅದರಿಂದ ಒಂದು ಕಡತವನ್ನಾದರೂ ತೆರೆದು ಓದಿರಬೇಕು.

ವೆಚ್ಚದ ವಿಚಾರದಲ್ಲಿ ಒಂದೆರಡು ಮಾತು. ವಿಂಡೋಸ್ ಸರ್ವರನ್ನು ಕೊಂಡರೆ, ಅದನ್ನು ಬಳಸುವ ಗಣಕಗಳಿಗೋ ಸಿಬ್ಬಂದಿಗೋ ಬೇರೆ ಪರವಾನಗಿ ಬೇಕಾಗುತ್ತದೆಂಬುದನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಕೇಳಬೇಕು. ಬರಿಯ ಕಡತ ಹಂಚಿಕೆಗಾದರೆ ಲಿನಕ್ಸ್ ಮತ್ತು ಸಾಂಬಾ ತಂತ್ರಾಂಶ ಪರವಾನಗಿ ಶುಲ್ಕವಿಲ್ಲದೆ ದೊರೆಯುತ್ತವೆ. ಆದರೆ ಕೆಟ್ಟಾಗ ಸರಿಪಡಿಸಬಲ್ಲವರು ಊರಿನಲ್ಲಿರಬೇಕು, ಇಲ್ಲದಿದ್ದರೆ ಉಳಿತಾಯವೆಲ್ಲ ಶಿವಮೊಗ್ಗದ ಓಡಾಟಕ್ಕೆ ಸಲ್ಲುತ್ತದೆ. ಹೊಸ ಯಂತ್ರಕ್ಕೆ ಕೊಡುವ ದಾನಿಗಳು ಸಿಗುತ್ತಾರೆ, ಅದರ ಮೇಲೆ ಹೆಸರು ಬರೆಸಬಹುದಲ್ಲ! ಪ್ರತಿ ತೆಗೆದಿಡುವ ಎರಡನೆಯ ಡಿಸ್ಕಿಗೂ ತಾಳೆ ಹಾಕುವವರ ಸಂಭಾವನೆಗೂ ಕೊಡುವವರು ವಿರಳ. ಈ ಸಂಚಿಕೆಯನ್ನು ಓದುವ ಪೂರ್ವವಿದ್ಯಾರ್ಥಿಗಳು ಇತ್ತ ಗಮನ ಕೊಡಬೇಕೆಂದು ಕೋರುತ್ತೇನೆ.

ಕೆಲಸಕ್ಕೆ ಏಪ್ರಿಲ್-ಮೇ ರಜೆಯೇ ಪ್ರಶಸ್ತ. ಜೂನ್ ಬಂದರೆ ದಾಖಲಾತಿಯ ನೂಕುನುಗ್ಗಲು, ಮಲೆನಾಡಿನ ಮಳೆಯೊಡನೆ ವಿದ್ಯುತ್ತಿನ ಕಣ್ಣಾಮುಚ್ಚಾಲೆ. ಹಳೆಯ ಸರ್ವರನ್ನು ತಂತಿಯಿಂದ ಬಿಡಿಸಿ, ಮುಂದಿನ ವರ್ಷದ ವರ್ಗಾವಣೆ ಪತ್ರಗಳೆಲ್ಲ ಹೊಸದರಿಂದ ಸರಿಯಾಗಿ ಹೊರಡುವವರೆಗೆ ಕಪಾಟಿನಲ್ಲಿ ಇಟ್ಟಿರತಕ್ಕದ್ದು.