ಕಾಲ್ಚೆಂಡಿನ ಗುರುಕುಲ

ಬೆಂಗಳೂರು ಫುಟ್‌ಬಾಲ್ ಕ್ಲಬ್ಬು 2013ರಲ್ಲಿ ಜನ್ಮತಾಳಿ, ತಾನಾಡಿದ ಮೊದಲ ಐ-ಲೀಗಿನಲ್ಲಿಯೇ ಪ್ರಶಸ್ತಿ ಪಡೆದುದು ಕ್ರೀಡಾಪ್ರಿಯರಿಗೆ ವಿದಿತವಾದ ಸಂಗತಿ. ಆದರೆ ಸಿದ್ಧ ಆಟಗಾರರನ್ನು ಕೂಡಿಸಿ ಗೆಲ್ಲುವುದು ಬೇರೆ; ಬಾಲಕರನ್ನು ಬೆಳೆಸಿ ಗೆಲ್ಲುವುದು ಬೇರೆ. ಇದನ್ನರಿತೇ ಆ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ವಸತಿಸಹಿತ ಅಕಾಡೆಮಿಯೊಂದನ್ನು ತೆರೆದು, ವಯೋಮಾನಕ್ಕನುಗುಣವಾಗಿ ಬಾಲಕರನ್ನು ಸಿದ್ಧಗೊಳಿಸಿತು. 2022ರಲ್ಲಿ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗನ್ನು ಸಂಸ್ಥೆಯ ಕಿರಿಯರ ತಂಡವು ಗೆದ್ದಿತು.

ಆದರೆ ಅಕಾಡೆಮಿ ಸೇರಿದವರೆಲ್ಲರೂ ಹಿರಿಯರ ತಂಡವನ್ನು ಮುಟ್ಟಲಾರರು. ಉಳಿದ ಮಕ್ಕಳ ಗತಿಯೇನು? ಅವರಿಗೆ ವಿದ್ಯೆಯೇ ಊರುಗೋಲು. ಮಠದ ಪ್ರಸಾದನಿಲಯಗಳು ಮುಂದಿದ್ದವನಿಗೂ ಹಿಂದುಳಿದವನಿಗೂ ಒಂದೇ ಪಂಕ್ತಿಯಲ್ಲಿ ಎಡೆಯಿಕ್ಕಿದವು. ಕ್ರೀಡಾಶಿಕ್ಷಣಕ್ಕೂ ಆ ನೀತಿಯೇ ಸಲ್ಲಬೇಕು. ಸದಾಶಿವನಗರದಲ್ಲಿ ಚೆಂಡೊದೆಯುವ ಬಾಲಕನಿಗೆ ಬೂಟು ಕೊಡಿಸುವ ದಾನಿಗಳು ಪುಸ್ತಕವನ್ನೂ ಕೊಡಿಸಲಿ.